ದೇವನಕ್ಕಿಯ ಕಾಲ್ಬೆರಳು ಉದ್ದವಾದದ್ದು

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ. ಬೆಟ್ಟಗಳೇ ಇನ್ನೂ ಸರಿಯಾಗಿ ಕೂತಿರಲಿಲ್ಲ. ಆಗ ದೇವನಕ್ಕಿ ಎಂಬ ನೀರುಹಕ್ಕಿಯ ಕಾಲು ಕೋಳಿಯ ಕಾಲಿನ ಹಾಗೇ ಇತ್ತು, ಬೆರಳು ಮೋಟು.

ಆಗ ಕೆಂಪಾಜಮ್ಮ ಎಂಬ ಹೆಂಗಸು ಒಂದು ಜೌಗಿನ ಪಕ್ಕದಲ್ಲಿ ಭತ್ತ ಬೆಳೆಯುತ್ತಿದ್ದಳು. ಜೌಗು ಅಂದರೆ ಅತ್ತ ಕೆರೆಯೂ ಅಲ್ಲ, ಇತ್ತ ನೆಲವೂ ಅಲ್ಲ. ಅದರ ನೀರೇ ಜಿನುಗಿ ಜಿನುಗಿ ಅವಳ ಗದ್ದೆಗೆ ಬರುತ್ತಿತ್ತು. ಪಾಪ, ಅವಳಿಗದು ಗೊತ್ತಿರಲಿಲ್ಲ.

ಒಂದು ಬೆಳಗ್ಗೆ ಜೌಗು ಗಾಳಿಗೆ, "ನನ್ನ ಹೊಟ್ಟೆಯಲ್ಲೊಂದು ನಿಧಿ ಇದೆ ಕಣಪ್ಪ, ಯಾರಿಗೂ ಹೇಳಬೇಡ" ಅಂದಿತು. ಗಾಳಿಯ ಬಾಯಲ್ಲಿ ಮಾತು ನಿಲ್ಲುತ್ತದೆಯೇ? ಮಧ್ಯಾಹ್ನದೊಳಗೆ ಊರಿಗೆಲ್ಲ ಡಂಗುರ ಸಾರಿತು.

ಸರಿ, ನಿಧಿಬೇಟೆ ಶುರುವಾಯಿತು. ಹಂದಿ ಮೂತಿಯಿಂದ ಅಗೆಯಿತು, ಏಡಿ ಕೊಂಡಿಯಿಂದ ಅಗೆಯಿತು. ಕೆಂಪಾಜಮ್ಮ ಜೌಗಿನೊಳಗೆ ಒಂದು ಜಾಗಕ್ಕೆ ಸುತ್ತ ಬದು ಕಟ್ಟಿ, ನೀರು ಮೊಗೆದು ಹಾಕಿ, ಗುದ್ದಲಿ ಹಿಡಿದಳು. ಎದೆಮಟ್ಟ ಅಗೆದಾಗ ನುಣ್ಣನೆಯ ಕಪ್ಪು ಜೇಡಿಮಣ್ಣು ಗಟ್ಟಿಯಾಗಿ ಸಿಕ್ಕಿತು. ಇದೇ ನಿಧಿಯ ಕೊಪ್ಪರಿಗೆಯ ಮುಚ್ಚಳ ಅಂದುಕೊಂಡು ಬಲವಾಗಿ ಒಂದೇಟು ಹಾಕಿದಳು.

ಜೇಡಿ ತೂತಾಯಿತು, ಕೆಳಗೆ ಬರೀ ಮರಳು. ಬದು ಒಡೆದು ಜೌಗಿನ ನೀರು ಗುಳುಗುಳು ಆ ತೂತಿಗೆ ಇಳಿಯತೊಡಗಿತು.

ಅಲ್ಲೇ ತೇಲುವ ಹುಲ್ಲಿನ ಗೂಡಿನಲ್ಲಿ ಅಪ್ಪ ದೇವನಕ್ಕಿ ನಾಲ್ಕು ಮೊಟ್ಟೆಗೆ ಕಾವು ಕೊಡುತ್ತಿತ್ತು; ಆ ಹಕ್ಕಿಗಳಲ್ಲಿ ಕಾವು ಅಪ್ಪನ ಕೆಲಸ. ನೀರಿನ ಜೊತೆ ಗೂಡೂ ಇಳಿಯಿತು, ಇಳಿಯಿತು. ದಡದಲ್ಲಿ ನರಿ ಬಾಯಿ ಚಪ್ಪರಿಸಿತು.

"ಏನಕ್ಕಾ ಮಾಡಿಬಿಟ್ಟೆ? ನೀರು ಹೋದರೆ ನರಿ ನಡೆದುಕೊಂಡೇ ಬರ್ತಾನೆ. ನನ್ನ ಮಕ್ಕಳ ಗತಿ ಏನು?" ಅಂದಿತು ಹಕ್ಕಿ.

"ಆ ಜೇಡಿಯೇ ನನ್ನ ನಿಧಿ. ಅದಿದ್ದದ್ದಕ್ಕೇ ನೀರು ನಿಂತಿತ್ತು. ನಿನ್ನ ಗದ್ದೆ ನೋಡು ತಾಯಿ" ಅಂದಿತು ಜೌಗು.

ಗದ್ದೆಗೆ ಬರುವ ನೀರು ನಿಂತೇಹೋಗಿತ್ತು. ಕೆಂಪಾಜಮ್ಮನಿಗೆ ನಾಚಿಕೆಯಾಯಿತು, ಭಯವೂ ಆಯಿತು. ಜೇಡಿ ಕಲಸಿ ತೂತಿಗೆ ಮೆತ್ತಿದಳು. ನೀರು ಕಿತ್ತುಕೊಂಡು ಹೋಯಿತು. ಮತ್ತೆ ಮೆತ್ತಿ ಮೇಲೆ ಹತ್ತಿ ನಿಂತಳು. ಅವಳ ಭಾರಕ್ಕೆ ಜೇಡಿ ಕುಸಿಯಿತು.

"ನಾನು ಹಗುರ, ನಾನು ಅದುಮಿ ನಿಲ್ತೀನಿ. ಮೊಟ್ಟೆ ನೀನು ನೋಡ್ಕೊ" ಅಂದಿತು ಹಕ್ಕಿ.

ಅವಳು ಇನ್ನೊಮ್ಮೆ ಮೆತ್ತಿದಳು. ಹಕ್ಕಿ ಮೇಲೆ ನಿಂತಿತು. ಜೇಡಿ ಈ ಕಡೆ ಎದ್ದರೆ ಈ ಕಡೆ ಬೆರಳು ಚಾಚಿತು, ಆ ಕಡೆ ಎದ್ದರೆ ಆ ಕಡೆ ಚಾಚಿತು. ಕೆಂಪಾಜಮ್ಮ ಮೊಟ್ಟೆಗಳನ್ನು ಮಡಿಲಲ್ಲಿಟ್ಟುಕೊಂಡು, ನರಿ ಬಂದಾಗಲೆಲ್ಲ ಗದರಿ ಓಡಿಸಿದಳು. ಮೂರನೆಯ ದಿನಕ್ಕೆ ಜೇಡಿ ಬಿಗಿದುಕೊಂಡಿತು. ಒರತೆಯ ನೀರು ಮೆಲ್ಲಗೆ ಮೇಲೆ ಬಂತು. ಅವಳ ಮಡಿಲಲ್ಲೇ ಮೊಟ್ಟೆ ಒಡೆದು ನಾಲ್ಕು ಮರಿ ಹೊರಬಂದವು.

ಆದರೆ ಹಕ್ಕಿಯ ಬೆರಳು ಚಾಚಿದ್ದು ಚಾಚಿದ ಹಾಗೇ ಉಳಿಯಿತು. ಕೆಂಪಾಜಮ್ಮ ಅತ್ತುಬಿಟ್ಟಳು, "ನನ್ನಿಂದ ನಿನ್ನ ಕಾಲು ಹೀಗಾಯ್ತಲ್ಲಪ್ಪಾ."

ಹಕ್ಕಿ ಒಂದು ತಾವರೆ ಎಲೆಯ ಮೇಲೆ ಕಾಲಿಟ್ಟಿತು. ಉದ್ದ ಬೆರಳು ಭಾರ ಹರಡಿದ್ದಕ್ಕೆ ಎಲೆ ಮೊದಲಿನ ಹಾಗೆ ಮುಳುಗಲಿಲ್ಲ. ಮರಿಗಳು ಹಿಂದೆಯೇ ಓಡಿದವು.

ಇವತ್ತಿಗೂ ಕೆರೆಯಂಚಿನ ಜೌಗಿನಲ್ಲಿ ದೇವನಕ್ಕಿ ಉದ್ದುದ್ದ ಬೆರಳೂರಿ ಎಲೆಯಿಂದ ಎಲೆಗೆ ನಡೆಯುತ್ತದೆ, ಅದರ ಕಾಲಡಿ ನೀರು ಇನ್ನೂ ನಿಂತಿದೆ.