ಕಾಯಿ ಕೆಳಗಿಟ್ಟ ಉತ್ತಯ್ಯ

ಬಹಳ ಹಿಂದೆ, ಹೊಳೆಗೆ ಸೇತುವೆ ಬರುವುದಕ್ಕೂ ಮೊದಲು, ಕೊಡಗಿನ ಒಂದೂರಿನಲ್ಲಿ ಉತ್ತಯ್ಯ ಎಂಬವನಿದ್ದನಂತೆ. ಅವನು ಓಡಿದರೆ ಬೆನ್ನಟ್ಟಿದ ಗಾಳಿಗೇ ಏದುಸಿರು ಬರುತ್ತಿತ್ತಂತೆ. ಎಮ್ಮೆ ಹಿಂಡು ಅಡ್ಡ ಬಂದರೆ ಅವನು ಸರಿಯುತ್ತಿರಲಿಲ್ಲ, ಎಮ್ಮೆಗಳೇ ಸರಿಯುತ್ತಿದ್ದವಂತೆ.

ಪುತ್ತರಿ ಹಬ್ಬದಲ್ಲಿ ಊರಿನ ಮಂದ್‌ಗೆ, ಅಂದರೆ ಊರೆಲ್ಲ ಸೇರುವ ಬಯಲಿಗೆ, ಗಂಡಸರು ಕಾಯಿ ಕಸಿಯಲು ಇಳಿಯುತ್ತಿದ್ದರು. ಎಣ್ಣೆ ಬಳಿದ, ಸಿಪ್ಪೆ ಸುಲಿಯದ ತೆಂಗಿನಕಾಯಿ. ಸಿಕ್ಕವನು ಎಲ್ಲರನ್ನೂ ಕೊಡವಿಕೊಂಡು ಮನೆಗೆ ಓಡಬೇಕು. ದಾರಿಯಲ್ಲಿ ಕಾಯಿ ನೆಲ ಮುಟ್ಟಿದರೆ ಸೋತಂತೆ, ಮನೆತನದ ಮಾನವೇ ಹೋದಂತೆ. ಕೈ ಮುರಿದವರು, ಸೊಂಟ ಉಳುಕಿ ಮನೆಗೆ ಹೊತ್ತು ತರಬೇಕಾದವರು ಪ್ರತಿ ವರ್ಷವೂ ಇರುತ್ತಿದ್ದರು. ಸೋತ ಮನೆ ಗೆದ್ದ ಮನೆಯೊಡನೆ ಮಾತು ಬಿಡುತ್ತಿತ್ತಂತೆ. ಉತ್ತಯ್ಯನ ಕೈಯಿಂದ ಮಾತ್ರ ಕಾಯಿ ಒಮ್ಮೆಯೂ ಜಾರಿರಲಿಲ್ಲ.

ಇದನ್ನು ಬಿಳಿಯರ ದಂಡಿನ ದೊರೆಯೊಬ್ಬ ಕಂಡ. ಅವರಲ್ಲೂ ಇಂಥದೇ ಆಟವಿತ್ತು, ರಗ್ಬಿ ಎಂದು ಹೆಸರು. ಚೆಂಡೂ ಸಿಪ್ಪೆಕಾಯಿಯ ಹಾಗೇ ಉದ್ದುದ್ದ. ಚೆನ್ನಾಗಿ ಆಡಿದವರನ್ನು ಹಡಗು ಹತ್ತಿಸಿ ತಮ್ಮ ಸೀಮೆಗೆ ಕರೆದೊಯ್ಯುತ್ತೇನೆಂದು ದೊರೆ ಹೇಳಿದನಂತೆ.

ಮೊದಲ ಆಟದಲ್ಲೇ ಉತ್ತಯ್ಯ ಚೆಂಡು ಕಸಿದ. ಓಡಿದ. ಗೆರೆ ದಾಟಿದ. ಅಲ್ಲಿ ಚೆಂಡನ್ನು ನೆಲಕ್ಕೆ ಒತ್ತಬೇಕಿತ್ತು. ಇವನು ನಿಲ್ಲಲೇ ಇಲ್ಲ! ಬೇಲಿ ಹಾರಿ, ರಸ್ತೆ ಹಿಡಿದು, ಮನೆಯ ದಿಕ್ಕಿಗೆ ಓಡುತ್ತಲೇ ಇದ್ದನಂತೆ. ಕುದುರೆ ಕಳಿಸಿ ಕರೆತರಬೇಕಾಯಿತಂತೆ. ಮತ್ತೆ ಆಡಿಸಿದರು, ಮತ್ತೆ ಅದೇ. ಇನ್ನೊಂದೇ ಅವಕಾಶ, ಚೆಂಡು ಕೆಳಗಿಡದಿದ್ದರೆ ಹಡಗಿಲ್ಲ ಎಂದುಬಿಟ್ಟ ದೊರೆ.

ಉತ್ತಯ್ಯ ಮುಖ ಇಳಿಬಿಟ್ಟು ಮನೆಗೆ ಬಂದ. ತಾಯಿ ಬೊಳ್ಳವ್ವ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದಳು.

"ಅವ್ವ, ಕೈ ಬಗ್ಗುವುದಿಲ್ಲ. ಹಿಂದಿನಿಂದ ಜನ ಅಟ್ಟಿಕೊಂಡು ಬರುವಾಗ ಕೆಳಗಿಡುವುದೆಂದರೆ ಸೋತ ಹಾಗಲ್ಲವಾ?"

"ಎಮ್ಮೆಗೆ ಹೆದರದವನು ನೆಲಕ್ಕೆ ಹೆದರಿದೆಯಾ, ಮೋನೆ?" ಎಂದು ನಕ್ಕಳಂತೆ ಅವಳು. "ನಮ್ಮ ಮನೆತನದ ಮೂಲಪುರುಷ ಗುರುಕಾರೋಣನ ಮುಂದೆ ಎಡೆ ಇಡುವಾಗ ಕೈ ಬಗ್ಗುವುದಿಲ್ಲವಾ? ಆ ಗೆರೆಯ ಆಚೆ ನಮ್ಮ ಹಿರಿಯರು ಕೂತಿದ್ದಾರೆ ಅಂದುಕೋ."

"ಸಮುದ್ರದಾಚೆಗೂ ಬರುತ್ತಾರಾ?"

"ಯಾಕೆ ಬರಬಾರದು? ಸತ್ತವರಿಗೆ ಹಡಗು ನೋಡುವ ಆಸೆ ಇರುವುದಿಲ್ಲವಾ!"

ಮರುದಿನ ಉತ್ತಯ್ಯ ಗೆರೆ ದಾಟಿ ಮಂಡಿಯೂರಿದ. ಎರಡೂ ಕೈಯಲ್ಲಿ ಚೆಂಡನ್ನು ನೆಲಕ್ಕಿಟ್ಟು, ನೆಲ ಮುಟ್ಟಿ ಹಣೆಗೊತ್ತಿಕೊಂಡ. ಹಡಗು ಹತ್ತಿದ. ದೇಶದೇಶದ ತಂಡಗಳೆದುರು ಆಡಿದ. ಒಂದು ಆಟದಲ್ಲಿ ನಾಲ್ವರನ್ನು ಬೆನ್ನಿಗೆ ಜೋತುಹಾಕಿಕೊಂಡೇ ಗೆರೆ ಮುಟ್ಟಿದನಂತೆ. ಏಳು ಜನ ಎನ್ನುವವರೂ ಇದ್ದಾರೆ. ಪ್ರತಿ ಸಲವೂ ಅದೇ ನಮಸ್ಕಾರ. ಅದನ್ನು ಕಂಡು ಸೀಮೆಯ ಜನ ಟೋಪಿ ತೆಗೆಯುತ್ತಿದ್ದರಂತೆ.

ಭುಜದ ಕೀಲು ತಪ್ಪಿದ ಮೇಲೆ ಅವನು ಊರಿಗೆ ಮರಳಿದ. ಆ ವರ್ಷದ ಪುತ್ತರಿಯಲ್ಲಿ, ಒಂದೇ ಕೈಯಲ್ಲಿ, ಮತ್ತೆ ಕಾಯಿ ಕಸಿದ. ಎಲ್ಲರೂ ಅಟ್ಟಲು ಸಿದ್ಧರಾದರು. ಅವನು ಓಡಲಿಲ್ಲ. ಮಂದಿನ ನಡುವೆ ಮಂಡಿಯೂರಿ ಕಾಯಿಯನ್ನು ಕೆಳಗಿಟ್ಟ.

"ಉತ್ತಯ್ಯ ಸೋತ!" ಎಂದು ಎದುರು ಮನೆಯ ಮಾಚಯ್ಯ ಕೂಗಿದ. ಆ ಎರಡು ಮನೆಗಳ ನಡುವೆ ಮಾತು ನಿಂತು ಎಷ್ಟೋ ಕಾಲವಾಗಿತ್ತು.

"ಸೋತೆ, ಬಾವ. ನೀನೇ ಒಡೆದು ಎಲ್ಲರಿಗೂ ಹಂಚು."

ಮಾಚಯ್ಯ ಬಂದು ಕಾಯಿಯನ್ನು ಎತ್ತಿಕೊಂಡನಂತೆ. ಆಮೇಲೆ ಕತ್ತಿ ಕೇಳಿದನಂತೆ.

ಈಗಲೂ ಆ ಊರಿನಲ್ಲಿ ಕಾಯಿ ಕಸಿದವನು ಮನೆಗೆ ಓಡುವುದಿಲ್ಲ. ಮಂದಿನಲ್ಲೇ ಕೆಳಗಿಟ್ಟು ನೆಲ ಮುಟ್ಟುತ್ತಾನೆ. ಕಾಯಿ ಸಿಗದವರು ಒಡೆದು ಹಂಚುತ್ತಾರೆ. ಗಂಡಸರು ತಿಂದು ಮುಗಿಸುವ ಹೊತ್ತಿಗೆ ಹೆಂಗಸರು ಬಂದು ಆ ಜಾಗಕ್ಕೆ ಒಂದೊಂದು ಹಿಡಿ ಅಕ್ಕಿ ಹಾಕಿ ಹೇಳುತ್ತಾರೆ: "ನಮ್ಮವರು ತಮ್ಮ ಕಾಲ ಮೇಲೆ ನಡೆದು ಮನೆಗೆ ಬರುತ್ತಿದ್ದಾರೆ, ಉತ್ತಯ್ಯ. ನಿನ್ನ ಹೊಟ್ಟೆ ತಣ್ಣಗಿರಲಿ."