ಸಂತೆಯ ಕಾಸು

“ಬುದ್ಧಿ, ಕಲಿಯಲು ಬಂದವರಿಗೆ ನಾವು ದುಡ್ಡನ್ನೂ ಕೊಡಬೇಕೆ?”

ಮಠದ ಹೊಲಿಗೆಮನೆಯನ್ನು ನೋಡಿಕೊಳ್ಳುತ್ತಿದ್ದ ಶಿಷ್ಯೆ ನೀಲಾಂಬಿಕೆ ಗುರುಗಳ ಮುಂದೆ ನಿಂತೇ ಈ ಪ್ರಶ್ನೆ ಕೇಳಿದಳು. ಕುಳಿತು ಕೇಳುವಷ್ಟು ತಾಳ್ಮೆ ಅವಳಿಗೆ ಅಂದು ಇರಲಿಲ್ಲ.

ಸುತ್ತಲಿನ ಹಳ್ಳಿಗಳ ಹರೆಯದ ಹುಡುಗಿಯರು ಒಂದು ವರ್ಷದ ಮಟ್ಟಿಗೆ ಆ ಹೊಲಿಗೆಮನೆಗೆ ಕೆಲಸ ಕಲಿಯಲು ಬರುತ್ತಿದ್ದರು. ಶಾಲೆಗಳ ಸಮವಸ್ತ್ರ ಅಲ್ಲಿ ತಯಾರಾಗುತ್ತಿತ್ತು. ಅವರಿಗೆ ತಿಂಗಳಿಗಿಷ್ಟು ಎಂದು ಶಿಷ್ಯವೇತನ ಕೊಡುವುದು ಹಿಂದಿನಿಂದ ಬಂದ ಪದ್ಧತಿ. ನೀಲಾಂಬಿಕೆ ಅಧಿಕಾರ ವಹಿಸಿಕೊಂಡ ಮೇಲೆ, ಯುಗಾದಿಯಿಂದ ಅದನ್ನು ನಿಲ್ಲಿಸಿದ್ದಳು. ಆಮೇಲೆ ಸೇರಿದ ಹುಡುಗಿಯೊಬ್ಬಳು ಆ ದಿನ ಬೆಳಿಗ್ಗೆ ಬಂದು, ಬಸ್ಸಿನ ಖರ್ಚಿಗೂ ಮನೆಯಲ್ಲಿ ಕಾಸಿಲ್ಲವೆಂದೂ, ಏನಾದರೂ ಕೊಡದಿದ್ದರೆ ನಾಳೆಯಿಂದ ಊದುಬತ್ತಿ ಹೊಸೆಯುವ ಕೆಲಸಕ್ಕೆ ಹೋಗುವುದಾಗಿಯೂ ಹೇಳಿದ್ದಳು. ಉತ್ತರಕ್ಕಾಗಿ ಅವಳು ಹೊರಗೆ ಜಗಲಿಯ ಮೇಲೆ ಕಾದಿದ್ದಳು. ಅವಳ ಬಳೆಯ ಸದ್ದು ಒಳಗೂ ಕೇಳಿಸುತ್ತಿತ್ತು. ಸದ್ದು ಕೇಳಿದಾಗಲೆಲ್ಲ ನೀಲಾಂಬಿಕೆ ಬಾಗಿಲ ಕಡೆ ತಿರುಗುತ್ತಿದ್ದಳು.

“ಹಿಂದಿನವರು ದಕ್ಷಿಣೆ ಕೊಟ್ಟು ಕಲಿಯುತ್ತಿದ್ದರು. ಈಗ ಕಲಿಸುವವರೇ ದಕ್ಷಿಣೆ ಕೊಡಬೇಕಂತೆ” ಎಂದಳು. “ಕೂಲಿ ಕೊಟ್ಟರೆ ಕೂಲಿಯವರು ಸಿಗುತ್ತಾರೆ ಬುದ್ಧಿ. ವಿದ್ಯಾರ್ಥಿಗಳು ಸಿಗುವುದಿಲ್ಲ.”

ಗುರುಗಳು ಅವಳನ್ನು ಕುಳಿತುಕೊಳ್ಳಲು ಹೇಳಿದರು. ಅವಳು ಚಾಪೆಯ ಅಂಚಿನಲ್ಲಿ, ಯಾವ ಗಳಿಗೆಯಲ್ಲಾದರೂ ಏಳುವವಳಂತೆ ಕುಳಿತಳು. ಗುರುಗಳು ಕತೆ ಹೇಳತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬ ನೇಕಾರನಿದ್ದ. ಅವನ ಕೈಯ ಸೀರೆಗೆ ನಾಲ್ಕೂರಿನಲ್ಲಿ ಹೆಸರಿತ್ತು. ಮಗ್ಗ ಕಲಿಯಲು ಬಂದ ಹುಡುಗರಿಗೆ ಅವನು ಸಂತೆಯ ಹಿಂದಿನ ದಿನ ಅಷ್ಟಿಷ್ಟು ಕಾಸು ಕೊಡಬೇಕಾಗಿತ್ತು. ಅದು ಆ ಕೇರಿಯ ಕಟ್ಟಳೆ. ಸಂತೆಯ ಕಾಸು ಎಂದು ಅದಕ್ಕೆ ಹೆಸರು.

ಒಂದು ವರ್ಷ ಅವನ ಬಳಿಗೆ ಇಬ್ಬರು ಹುಡುಗರು ಬಂದರು. ಒಬ್ಬ ಮೂಟೆ ಹೊರುವವನ ಮಗ. ಇನ್ನೊಬ್ಬ, ತೀರಿಕೊಂಡ ವ್ಯಾಪಾರಿಯೊಬ್ಬನ ಮಗ. ವ್ಯಾಪಾರಿಯ ಅಂಗಡಿ ಅವನೊಂದಿಗೇ ಹೋಗಿತ್ತು. ಉಳಿದದ್ದು ಮನೆತನದ ಹೆಸರು ಮತ್ತು ಈ ಮಗ. ಮಗನ ಕೈಗೊಂದು ಕಸುಬು ಹತ್ತಿದರೆ ಮನೆ ನಿಲ್ಲುತ್ತದೆ, ಇಲ್ಲದಿದ್ದರೆ ಇಲ್ಲ. ತಾಯಿ ಒಪ್ಪೊತ್ತು ಉಂಡು ಅವನನ್ನು ಕಲಿಯಲು ಕಳುಹಿಸಿದಳು. ಕಳುಹಿಸುವ ದಿನ ಎಲೆಅಡಿಕೆ, ತೆಂಗಿನಕಾಯಿ ಹಿಡಿದು ತಾನೇ ಬಂದಳು.

“ನನ್ನ ಮಗ ಕೂಲಿಗೆ ಬಂದವನಲ್ಲ. ನಿಮ್ಮ ಸಂತೆಯ ಕಾಸು ನಮ್ಮ ಮನೆಗೆ ಬೇಡ. ವಿದ್ಯೆ ಕೊಡಿ, ಅಷ್ಟು ಸಾಕು” ಎಂದಳು.

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ನೇಕಾರ ಕೈಮುಗಿದು ಒಪ್ಪಿಕೊಂಡ.

ಸಂತೆಯ ಮುನ್ನಾದಿನ ಬಂತು. ಮೂಟೆಯವನ ಮಗ ಕಾಸು ತೆಗೆದುಕೊಂಡು ಹೋದ. ಅವನು ಹೊಸಿಲು ದಾಟಿದ್ದೇ ತಡ, ನೇಕಾರನ ಹೆಂಡತಿ ಶುರುಮಾಡಿದಳು. ಉಣ್ಣುವ ಮಕ್ಕಳ ಬಾಯಿಂದ ಕಿತ್ತು ಕೊಟ್ಟಿರಲ್ಲ, ಆ ಮಹಾರಾಯ ಇದುವರೆಗೆ ಒಂದು ಕರವಸ್ತ್ರವನ್ನಾದರೂ ನೆಯ್ದನೇ ಎಂದು ಕೇಳಿದಳು. ನೇಕಾರನಿಗೆ ಚುರುಕ್ಕೆಂದಿತು. ಮರುವಾರವೇ ಆ ಹುಡುಗನನ್ನು ಮಗ್ಗಕ್ಕೆ ಕೂರಿಸಿದ. ಎಳೆ ಕಡಿಯಿತು. ಅಂಚು ಸೊಟ್ಟಗಾಯಿತು. ನೇಕಾರ ಬೈದ, ಬಿಚ್ಚಿಸಿದ, ಮತ್ತೆ ನೆಯ್ಯಿಸಿದ. ಪಕ್ಕದಲ್ಲಿ ಕುಳಿತು ಲಾಳಿ ಎಸೆಯುವ ಹದ ತೋರಿಸಿದ. ಪ್ರತಿ ಸಂತೆಗೂ ಹೆಂಡತಿಯ ನಾಲಿಗೆ ಹರಿತವಾಯಿತು. ಪ್ರತಿ ಸಂತೆಗೂ ಹುಡುಗನ ಕೈ ಪಳಗಿತು.

ವ್ಯಾಪಾರಿಯ ಮಗ ಮೂಲೆಯಲ್ಲಿ ಕುಳಿತು ಕಂಡಿಕೆಗೆ ನೂಲು ಸುತ್ತುತ್ತಿದ್ದ. ನೀರು ತರುತ್ತಿದ್ದ. ಬಣ್ಣದವನನ್ನು ಕರೆದುಕೊಂಡು ಬರುತ್ತಿದ್ದ. ಅವನ ಮೇಲೆ ಯಾರೂ ಕಣ್ಣು ಕೆಂಪಗೆ ಮಾಡಲಿಲ್ಲ. ಒಳ್ಳೆಯ ಮನೆಯ ಹುಡುಗ, ಎದುರಾಡುವುದಿಲ್ಲ ಎಂದು ನೇಕಾರ ಬಂದವರಿಗೆಲ್ಲ ಹೇಳುತ್ತಿದ್ದ. ತಾಯಿಯ ಕಿವಿಗೆ ಅದು ಬಿತ್ತು. ಮೂಟೆಯವನ ಮಗ ದಿನಾ ಬೈಸಿಕೊಳ್ಳುತ್ತಾನಂತೆ, ನನ್ನ ಮಗ ಇದುವರೆಗೆ ಒಂದು ಮಾತೂ ಅನ್ನಿಸಿಕೊಂಡಿಲ್ಲ ಎಂದು ಅವಳು ನೀರಿಗೆ ಹೋದಲ್ಲೆಲ್ಲ ಹೆಮ್ಮೆಯಿಂದ ಹೇಳಿದಳು.

ಇಲ್ಲಿ ನೀಲಾಂಬಿಕೆ ಚಾಪೆಯ ಮೇಲೆ ಕದಲಿದಳು. ಹೊರಗೆ ಬಳೆಯ ಸದ್ದಾಯಿತು. ಗುರುಗಳು ಕತೆ ನಿಲ್ಲಿಸಲಿಲ್ಲ.

ಕಲಿಕೆಯ ಅವಧಿ ಮುಗಿಯಿತು. ಪೇಟೆಗೆ ಹೊಸ ಸಾಹುಕಾರನೊಬ್ಬ ಬಂದು ಸಾಲಾಗಿ ಮಗ್ಗ ಹಾಕಿಸಿದ. ನೇಯುವ ಕೈಗಳು ಬೇಕೆಂದು ಹೇಳಿಕಳುಹಿಸಿದ. ಇಬ್ಬರೂ ಹೋದರು. ಮೂಟೆಯವನ ಮಗ ಮಗ್ಗದ ಗುಂಡಿಗಿಳಿದು ಒಂದು ಗೇಣು ನೆಯ್ದು ತೋರಿಸಿದ. ವ್ಯಾಪಾರಿಯ ಮಗ ಲಾಳಿಯನ್ನು ಕೈಯಲ್ಲಿ ಹಿಡಿದು ಕುಳಿತ. ಕೆಳಗಿನ ಹಲಗೆಯನ್ನು ಯಾವ ಕಾಲಿನಿಂದ ಒತ್ತಬೇಕು ಎಂಬುದು ಅವನಿಗೆ ತಿಳಿಯಲಿಲ್ಲ. ಸಾಹುಕಾರ ನಕ್ಕು, ಇವನನ್ನು ನೂಲು ಸುತ್ತಲು ಇಟ್ಟುಕೊಳ್ಳೋಣ ಎಂದ. ಆ ಕೆಲಸಕ್ಕೆ ಎಂಟು ವರ್ಷದ ಮಕ್ಕಳು ಸಿಗುತ್ತಿದ್ದರು.

ಮಗ ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದ. ತಾಯಿ ಸೆರಗು ಬಿಗಿದು ನೇಕಾರನ ಬಾಗಿಲಿಗೆ ಬಂದಳು.

“ಇಬ್ಬರೂ ಒಂದೇ ದಿನ ನಿಮ್ಮ ಹೊಸಿಲು ತುಳಿದವರು. ನಾನು ನಿಮ್ಮಿಂದ ಬಿಡಿಗಾಸು ಕೇಳಲಿಲ್ಲ. ಅದಕ್ಕೆ ನೀವು ಮಾಡಿದ ಉಪಕಾರ ಇದೇ ಏನು?”

ನೇಕಾರನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

“ನಾನು ಬೇಕೆಂದು ಮೋಸ ಮಾಡಲಿಲ್ಲ ತಾಯಿ. ಆ ಹುಡುಗ ಸುಮ್ಮನೆ ಕುಳಿತ ದಿನ ನನಗೆ ನಷ್ಟವಾಗುತ್ತಿತ್ತು. ಅದಕ್ಕೆ ಕಲಿಸಿದೆ. ನಿಮ್ಮ ಮಗ ಸುಮ್ಮನೆ ಕುಳಿತದ್ದು ನನಗೆ ಗೊತ್ತೇ ಆಗಲಿಲ್ಲ.”

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ನೀಲಾಂಬಿಕೆಗೆ ತಡೆಯಲಾಗಲಿಲ್ಲ. ಆ ನೇಕಾರ ಯೋಗ್ಯನಲ್ಲ ಎಂದಳು. ಧರ್ಮ ತಿಳಿದವನಾಗಿದ್ದರೆ ಕಾಸು ಕೊಡಲಿ ಬಿಡಲಿ ಇಬ್ಬರಿಗೂ ಒಂದೇ ಸಮನೆ ಕಲಿಸುತ್ತಿದ್ದ ಎಂದಳು. ಅವಳು ಎದ್ದು ನಿಂತಳು. ಬಾಗಿಲವರೆಗೆ ಹೋಗಿ, ಜಗಲಿಯ ಮೇಲಿದ್ದ ಹುಡುಗಿಯನ್ನು ನೋಡಿ, ತಿರುಗಿ ಬಂದಳು.

“ನಮ್ಮಲ್ಲಿ ಹಾಗಿಲ್ಲ ಬುದ್ಧಿ. ನಾನು ಎಲ್ಲರನ್ನೂ ಒಂದೇ ಶಿಸ್ತಿನಲ್ಲಿ ಇಟ್ಟಿದ್ದೇನೆ. ಬೇಕಾದರೆ ಅವಳನ್ನೇ ಕರೆದು ಕೇಳಿ. ಬಂದು ಇಷ್ಟು ತಿಂಗಳಾಯಿತು, ಇದುವರೆಗೆ ಅವಳು ಒಂದು ಗೇಣು ಬಟ್ಟೆಯನ್ನೂ ಕೆಡಿಸಿಲ್ಲ.”

ಗುರುಗಳು ಕೇಳಿದರು: “ಕೆಡಿಸುವುದಕ್ಕೆ ಅವಳ ಕೈಗೆ ನೀನು ಬಟ್ಟೆ ಕೊಟ್ಟದ್ದು ಯಾವಾಗ, ತಾಯಿ?”