ಎತ್ತಿನ ಹೆಗಲು

“ಗುರುಗಳೇ, ಹೊಸ ಟ್ಯಾಬ್ ಒಂದು ಬಿಡುಗಡೆಯಾಗಿದೆ. ಈಗಲೇ ಕೊಳ್ಳಲೋ, ದೀಪಾವಳಿಗೆ ಬೆಲೆ ಇಳಿಯುವವರೆಗೆ ಕಾಯಲೋ?” ಎಂದು ಕೊಟ್ರೇಶ ಕೇಳಿದ.

ಕೊಟ್ರೇಶ ಚೆನ್ನವೀರಯ್ಯ ಮೇಷ್ಟ್ರ ಬಳಿ ತತ್ವಪದ ಕಲಿಯುತ್ತಿದ್ದ. ಅದೇ ಊರಿನ ಕರಿಬಸಜ್ಜಿಗೆ ಎಂಬತ್ತು ದಾಟಿತ್ತು. ಅವಳಿಗೆ ಬರುತ್ತಿದ್ದ ಬೀಸುವ ಪದಗಳು ಸುತ್ತಲಿನ ಹಳ್ಳಿಗಳಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ. ಅವಳು ಇರುವಾಗಲೇ ಅವನ್ನೆಲ್ಲ ಹಾಡಿಸಿ ದಾಖಲು ಮಾಡಿಕೊಳ್ಳುವ ಕೆಲಸವನ್ನು ಮೇಷ್ಟ್ರು ಅವನಿಗೆ ಒಪ್ಪಿಸಿದ್ದರು. ಅಜ್ಜಿಯೂ ಒಪ್ಪಿದ್ದಳು. ಅದಕ್ಕೆಂದೇ ಅವನು ಮೂರು ವರ್ಷದ ಹಿಂದೆ ಒಂದು ಟ್ಯಾಬ್ ಕೊಂಡಿದ್ದ.

“ಇರುವುದಕ್ಕೆ ಏನಾಗಿದೆ?” ಎಂದರು ಮೇಷ್ಟ್ರು.

“ನಿಧಾನವಾಗಿದೆ. ಮೈಕೂ ಅಷ್ಟಕ್ಕಷ್ಟೆ. ಹೊಸದರ ಮೈಕು ಅಜ್ಜಿಯ ಉಸಿರನ್ನೂ ಹಿಡಿಯುತ್ತದಂತೆ. ಹತ್ತಾರು ವಿಡಿಯೊ ನೋಡಿಯೇ ಹೇಳುತ್ತಿದ್ದೇನೆ, ಗುರುಗಳೇ.”

ಮೇಷ್ಟ್ರು ಕನ್ನಡಕ ತೆಗೆದಿಟ್ಟರು. “ನೀನು ನೋಡದ ವಿಡಿಯೊ ಇನ್ನು ಯಾರೂ ಮಾಡಿರಲಿಕ್ಕಿಲ್ಲ ಬಿಡು. ಕೂತುಕೋ, ಒಂದು ಕತೆ ಹೇಳುತ್ತೇನೆ.

“ಒಬ್ಬ ರೈತನಿದ್ದ. ನಾಲ್ಕೆಕರೆ ಎರೆ ಹೊಲ, ಒಳ್ಳೆಯ ನೆಲ. ಎತ್ತಿನ ವಿಷಯದಲ್ಲಿ ಅವನು ಮಹಾ ಪಂಡಿತ ಕಣಯ್ಯ. ಹಲ್ಲು ನೋಡಿ ವಯಸ್ಸು ಹೇಳುತ್ತಿದ್ದ, ಸುಳಿ ನೋಡಿ ಗುಣ ಹೇಳುತ್ತಿದ್ದ, ಗೊರಸು ನೋಡಿ ಎಷ್ಟು ದೂರ ನಡೆದೀತು ಎಂದು ಹೇಳುತ್ತಿದ್ದ. ಎತ್ತು ಕೊಳ್ಳುವವರೆಲ್ಲ ಅವನನ್ನು ಸಂತೆಗೆ ಕರೆದೊಯ್ಯುತ್ತಿದ್ದರು. ಅವನಿಗೂ ಅದೇ ಬೇಕಿತ್ತು. ಯಾರಾದರೂ ಕರೆದರೆ ಸಾಕು, ಉಣ್ಣುವ ತಟ್ಟೆ ಬಿಟ್ಟು ಏಳುತ್ತಿದ್ದ.

“ತನಗೂ ಒಂದು ಜೊತೆ ಎಳೆಯ ಹೋರಿ ಕೊಂಡಿದ್ದ. ಕೊಂಬಿಗೆ ಹಿತ್ತಾಳೆ ಕಳಸ, ಕೊರಳಿಗೆ ಗೆಜ್ಜೆಸರ, ಬೆನ್ನಿಗೆ ಜೂಲ. ನೀನು ಕವರು, ಪೆನ್ನು, ಸ್ಟ್ಯಾಂಡು ಎಂದು ತಂದು ಗುಡ್ಡೆ ಹಾಕಿದ್ದೀಯಲ್ಲ, ಹಾಗೇ ಅಂದುಕೋ. ಹೊಟ್ಟೆಗೂ ಕಡಿಮೆ ಮಾಡಿರಲಿಲ್ಲ. ಹೊಲಕ್ಕೆ ಹೂಡುವುದು ಮಾತ್ರ ಮುಂದಕ್ಕೆ ಹೋಗುತ್ತಲೇ ಇತ್ತು. ಮೊದಲ ವರ್ಷ, ಎತ್ತು ಮನೆಗೆ ಹೊಂದಿಕೊಳ್ಳಲಿ ಎಂದ. ಮರುವರ್ಷ, ಜೋಡಿ ಸರಿಯಿಲ್ಲ, ಒಂದು ಗಿಡ್ಡ ಒಂದು ಎತ್ತರ ಎಂದ. ಆಮೇಲೆ, ಸಂತೆಗೆ ಇನ್ನೂ ಒಳ್ಳೆಯ ತಳಿ ಬರುತ್ತದಂತೆ, ತಡೆಯೋಣ ಎಂದ. ಹೊಲದಲ್ಲಿ ಜಾಲಿ ಎದ್ದಿತು. ಅವನ ಹೆಂಡತಿ ಪಕ್ಕದವರ ಹೊಲಕ್ಕೆ ಕಳೆ ಕೀಳಲು ಕೂಲಿಗೆ ಹೋಗುತ್ತಿದ್ದಳು. ಸ್ವಂತ ನೆಲವಿದ್ದ ಹೆಂಗಸು. ಊರವರ ಕಣ್ಣಿಗೆ ಬೀಳಬಾರದೆಂದು ಹಿತ್ತಲ ದಾರಿ ಹಿಡಿಯುತ್ತಿದ್ದಳು.

“ಮೂರನೇ ವರ್ಷ ಅವನು ಆ ಜೊತೆಯನ್ನು ಕೊಟ್ಟು, ಮೇಲಿಷ್ಟು ದುಡ್ಡು ಹಾಕಿ ಹೊಸ ಜೊತೆ ತರಲು ಸಂತೆಗೆ ಹೋದ. ಅಲ್ಲಿ ಒಬ್ಬ ಮುದುಕ ತಾನೇ ಸಾಕಿದ ಎತ್ತುಗಳನ್ನು ತಂದಿದ್ದ. ರೈತ ಹಲ್ಲು ನೋಡಿದ, ಸುಳಿ ನೋಡಿದ, ನಡೆಸಿ ನೋಡಿದ. ಒಂದು ಕುಂದೂ ಸಿಗಲಿಲ್ಲ. ಇಬ್ಬರೂ ಟವೆಲ್ಲಿನ ಮರೆಯಲ್ಲಿ ಕೈ ಹಿಡಿದರು. ಆ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ, ಬೆರಳು ಹಿಡಿದು ಹೇಳುತ್ತಾರೆ. ಬೆಲೆ ಕುದುರಿದ ಮೇಲೆ ಕೈ ಬಿಟ್ಟರೆ ಮುಖಕ್ಕೆ ಹೊಡೆದ ಹಾಗೆ. ಇವರ ಬೆಲೆ ಬೇಗನೆ ಕುದುರಿತು.

“‘ನಿನ್ನ ಎತ್ತುಗಳನ್ನು ಯಾಕಪ್ಪ ಕೊಡುತ್ತಿದ್ದೀಯ?’ ಎಂದು ಮುದುಕ ಕೇಳಿದ.

“‘ಉತ್ತು ಉತ್ತು ಸೋತಿವೆ ಅಜ್ಜ. ಇನ್ನು ಇವುಗಳಿಂದ ಆಗುವುದಿಲ್ಲ’ ಎಂದ ರೈತ.

“ಮುದುಕ ಇನ್ನೊಂದು ಕೈ ಚಾಚಿ ರೈತನ ಎತ್ತಿನ ಹೆಗಲು ಸವರಿದ. ಉಳುವ ಎತ್ತಿನ ಹೆಗಲು ನೊಗ ಹೊತ್ತು ಜಡ್ಡುಗಟ್ಟಿರುತ್ತದೆ. ಇವುಗಳ ಹೆಗಲು ಕರುವಿನ ಹೆಗಲಿನ ಹಾಗೆ ಮೆತ್ತಗಿತ್ತು, ಕೂದಲು ಕೂಡ ಸವೆದಿರಲಿಲ್ಲ. ಮುದುಕ ಟವೆಲ್ಲಿನ ಕೆಳಗೆ ಹಿಡಿದಿದ್ದ ಬೆರಳು ಬಿಟ್ಟ.

“ಸುತ್ತ ನಿಂತವರು ಏನಾಯಿತೆಂದು ಕೇಳಿದರು. ‘ದುಡ್ಡಿನ ತಕರಾರಲ್ಲ. ಹೆಗಲು ಮುಟ್ಟಿ ನೋಡಿ’ ಎಂದ ಮುದುಕ. ನಿಂತವರಲ್ಲಿ ಹೆಚ್ಚಿನವರು ಈ ರೈತನ ಮಾತು ನಂಬಿ ಎತ್ತು ಕೊಂಡವರೇ. ಒಬ್ಬೊಬ್ಬರಾಗಿ ಬಂದು ಹೆಗಲು ಮುಟ್ಟಿದರು, ಏನೂ ಅನ್ನದೆ ಹೋದರು. ನಕ್ಕಿದ್ದರೆ, ಬೈದಿದ್ದರೆ ಅವನೂ ತಿರುಗಿ ಒಂದು ಮಾತು ಆಡಬಹುದಿತ್ತು. ಒಬ್ಬನೂ ನಗಲಿಲ್ಲ. ನೆಲ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು ಅವನಿಗೆ. ಕಳಸ, ಗೆಜ್ಜೆ ಎಲ್ಲ ಬಿಚ್ಚಿ ಚೀಲಕ್ಕೆ ತುಂಬಿಕೊಂಡು, ಎತ್ತು ಹೊಡೆದುಕೊಂಡು ಊರಿಗೆ ನಡೆದ. ದಾರಿಯಲ್ಲಿ ಕೂಲಿ ಮುಗಿಸಿ ಬರುತ್ತಿದ್ದ ಹೆಂಡತಿ ಎದುರಾದಳು. ‘ಯಾಕೆ, ಒಳ್ಳೆಯ ಜೊತೆ ಸಿಗಲಿಲ್ಲವೇ?’ ಎಂದಳು. ಅವಳ ಮುಖ ನೋಡಲು ಅವನಿಂದ ಆಗಲಿಲ್ಲ.”

ಮೇಷ್ಟ್ರು ಅಲ್ಲಿಗೆ ನಿಲ್ಲಿಸಿದರು.

ಕೊಟ್ರೇಶನ ಕಿವಿ ಬಿಸಿಯಾಗಿತ್ತು. ಅವನ ಟ್ಯಾಬಿನಲ್ಲಿ ಅಜ್ಜಿಯ ಒಂದು ಪದವೂ ಇರಲಿಲ್ಲ. ಅದನ್ನು ಅವನು ಮೇಷ್ಟ್ರಿಗೆ ಹೇಳಿರಲಿಲ್ಲ, ಅವರಾಗಿ ಕೇಳಿದಾಗಲೆಲ್ಲ ‘ನಡೆಯುತ್ತಿದೆ’ ಎಂದಿದ್ದ. ಈಗ ಅದನ್ನು ನೆನೆದು ನಾಚಿಕೆಯಾಯಿತು.

“ಆ ರೈತ ಆಮೇಲಾದರೂ ಹೊಲ ಉತ್ತನೇ, ಗುರುಗಳೇ?” ಎಂದು ತಲೆ ತಗ್ಗಿಸಿಯೇ ಕೇಳಿದ.

“ಅವನ ಹೊಲದ ಮಾತು ಬಿಡು, ‘ನನ್ನ ದನಿ ಕೆಟ್ಟಿದೆ ಅಂತ ಆ ಹುಡುಗ ಬರಲಿಲ್ಲವೇನೋ’ ಎಂದು ನಿನ್ನೆ ಕರಿಬಸಜ್ಜಿ ನನ್ನನ್ನು ಕೇಳಿದಳು.”